ಉಂಡೆಯ ಫೋಟೊ ಇರುವ ಕಾರ್ಡು

ಚಿಕ್ಕಮ್ಮನ ಉಗುರು ನೋಡಿದರೆ ಸಾಕು, ಅವತ್ತು ಅವಳ ಪ್ರಿಂಟಿಂಗ್ ಕೋಣೆಯಲ್ಲಿ ಯಾವ ಬಣ್ಣ ಓಡಿದೆ ಎಂದು ಗೊತ್ತಾಗುತ್ತದೆ. ಸೋಪು, ಸೀಮೆಎಣ್ಣೆ, ಯಾವುದಕ್ಕೂ ಆ ಶಾಯಿ ಬಗ್ಗುವುದಿಲ್ಲ. ಅವಳೂ ಅಷ್ಟೆ. ಮನಸ್ಸಿಗೆ ಚುಚ್ಚಿದ ಮಾತನ್ನು ಅವಳು ಜಪ್ಪಯ್ಯ ಅಂದರೂ ಮರೆಯುವುದಿಲ್ಲ. "ಹೆಂಗಸರ ಕೈಲಿ ಅಚ್ಚು ನೆಟ್ಟಗೆ ಬರಲ್ಲ" ಎಂದು ಯಾವ ಕಾಲದಲ್ಲೋ ಅಂದಿದ್ದ ಎದುರು ಬೀದಿಯ ದರ್ಜಿಗೆ ಇವತ್ತಿಗೂ ಒಂದು ಗುಂಡಿ ಹಾಕಲು ಕೊಟ್ಟಿಲ್ಲ. ಬಟ್ಟೆಯನ್ನು ಬೇರೆಯವನ ಹತ್ತಿರ ಹೊಲಿಸಿ, ಹೊಸದನ್ನು ತೊಟ್ಟ ದಿನ ಬೇಕೆಂದೇ ಇವನ ಅಂಗಡಿ ಮುಂದೆ ಎರಡು ಸಲ ಓಡಾಡಿ ಬರುತ್ತಾಳೆ. ದರ್ಜಿ ಪಾಪ, ನಗುತ್ತಾನೆ. ತನ್ನ ಮೇಲೆ ಸೇಡು ನಡೆಯುತ್ತಿದೆ ಎಂದು ಅವನಿಗೆ ಗೊತ್ತೇ ಇಲ್ಲ.

ಇಂಥವಳು ನನ್ನ ಅಪ್ಪನನ್ನು ಬಿಡುತ್ತಾಳೆಯೇ?

ಹೆತ್ತ ಅಪ್ಪನ ಬಗ್ಗೆ ಹೀಗೆ ಮಾತಾಡಬಹುದೇ ಎಂದು ಯಾರೂ ನನಗೆ ಬುದ್ಧಿ ಹೇಳಬೇಡಿ. ನನ್ನ ಅಮ್ಮ, ಅಂದರೆ ಚಿಕ್ಕಮ್ಮನಿಗಿದ್ದ ಒಬ್ಬಳೇ ಅಕ್ಕ, ಸ್ತನದ ಕ್ಯಾನ್ಸರಿನಿಂದ ತೀರಿಕೊಂಡಳು. ಆಸ್ಪತ್ರೆ ಸೇರುವ ಹೊತ್ತಿಗೇ ರೋಗ ಮೈಯೊಳಗೆಲ್ಲ ಹರಡಿತ್ತು. ಯಾಕೆ ಇಷ್ಟು ತಡವಾಯಿತು ಎಂದು ಬಂದವರೆಲ್ಲ ಕೇಳಿದಾಗ ಅಪ್ಪ ಕಣ್ಣೊರೆಸಿಕೊಂಡು ಹೇಳಿದ್ದು ಒಂದೇ ಮಾತು: "ನನಗೆ ಹೇಳಲೇ ಇಲ್ಲ ನೋಡಿ. ಮುಚ್ಚಿಟ್ಕೊಂಡ್ಲು."

"ಸುಳ್ಳು! ಅಕ್ಕ ಹೇಳಿದ್ಲು!" ಎಂದು ಚಿಕ್ಕಮ್ಮ ಎಲ್ಲರ ಎದುರಿಗೇ ಕಿರುಚಿದಳು. ನೆಂಟರು ಅವಳ ಬೆನ್ನು ಸವರಿ ನೀರು ಕುಡಿಸಿದರು. ಸಂಕಟದಲ್ಲಿದ್ದಾಳೆ, ಬಾಯಿಗೆ ಬಂದದ್ದು ಅಂತಿದ್ದಾಳೆ ಎಂದರು. ಅಳುವ ಗಂಡಸನ್ನು ನಂಬದೆ ಯಾರಾದರೂ ಕೂಗಾಡುವ ಹೆಂಗಸನ್ನು ನಂಬುತ್ತಾರೆಯೇ? ಅಂದಿನಿಂದ ಅಮ್ಮ ಊರಿಗೆಲ್ಲ ಪೆದ್ದಿಯಾದಳು. ತಾಯಂದಿರು ಹೆಣ್ಣುಮಕ್ಕಳಿಗೆ "ಅವಳ ಥರ ಬಾಯಿ ಮುಚ್ಕೊಂಡು ಕೂತ್ಕೋಬೇಡ" ಎಂದು ಅವಳ ಉದಾಹರಣೆ ಕೊಡತೊಡಗಿದರು. ನನ್ನ ಎದುರಿಗೇ ಕೊಡುತ್ತಿದ್ದರು.

ನಡೆದದ್ದನ್ನು ಚಿಕ್ಕಮ್ಮ ನನಗೆ ಅವಳ ಕೋಣೆಯಲ್ಲಿ ಕೂರಿಸಿಕೊಂಡು ಹೇಳಿದಳು. ಅಮ್ಮ ಆಸ್ಪತ್ರೆಯ ಮಂಚದ ಮೇಲೆ ಅವಳಿಗೆ ಹೇಳಿದ್ದಳಂತೆ. ಎದೆಯ ಗಂಟು ಕೈಗೆ ಸಿಕ್ಕ ದಿನವೇ ಅಮ್ಮ ಅಪ್ಪನಿಗೆ ತಿಳಿಸಿದ್ದಳು. ಅಪ್ಪನದು ದಾರ, ಗುಂಡಿ, ಜಿಪ್ಪು, ಲೇಸಿನ ಅಂಗಡಿ. ಸ್ಕೂಲು ಶುರುವಾಗುವ ಕಾಲ, ಯೂನಿಫಾರಂ ಹೊಲಿಯುವವರ ನೂಕುನುಗ್ಗಲು. "ಅಂಗಡಿ ಬಿಟ್ಟು ಹೇಗ್ ಬರ್ಲಿ? ಸೀಸನ್ ಮುಗೀಲಿ, ನೋಡೋಣ. ಅಲ್ಲೀತನಕ ಬಿಸಿನೀರಿನ ಶಾಖ ಕೊಟ್ಕೋ" ಎಂದಿದ್ದ. ಒಬ್ಬಳೇ ಹೋಗುತ್ತೇನೆ ಎಂದರೆ, ಕೌಂಟರಿನಲ್ಲಿ ಯಾರು ನಿಲ್ಲುತ್ತಾರೆ ಎಂದು ಅದಕ್ಕೂ ಅಡ್ಡಗಾಲು.

ಅದೇ ಸೀಸನ್ನಿನಲ್ಲಿ ನಮ್ಮ ನಾಯಿಯ ಹೊಟ್ಟೆಯ ಮೇಲೆ, ಮೊಲೆಯ ಪಕ್ಕ, ಒಂದು ಗಂಟು ಅಪ್ಪನ ಕೈಗೆ ಸಿಕ್ಕಿತು. ಮರಿಯಾಗಿದ್ದಾಗ ಉಣ್ಣೆಯ ಉಂಡೆಯ ಹಾಗೆ ಉರುಳುತ್ತಿದ್ದದ್ದಕ್ಕೆ ಅವಳ ಹೆಸರು ಉಂಡೆ. ಅಪ್ಪ ಗಿರಾಕಿಗಳನ್ನು ಹೊರಗೆ ಕಳಿಸಿ, ಶಟರ್ ಎಳೆದು, ಉಂಡೆಯನ್ನು ಎತ್ತಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಓಡಿದ. ಆಪರೇಷನ್ ಆಯಿತು. ಕ್ಯಾನ್ಸರೇ, ಆದರೆ ಬೇಗ ಸಿಕ್ಕಿತ್ತು. ಉಂಡೆ ಬದುಕಿದಳು.

"ನಾಯಿ ಹೊಲಿಗೆ ಒರೆಸ್ತಿದ್ದವಳು ನಾನೇ ಕಣೆ. ಬಗ್ಗಿದಾಗೆಲ್ಲ ನನ್ನ ಗಂಟು ತೋಳಿಗೆ ಒತ್ತೋದು" ಎಂದಳಂತೆ ಅಮ್ಮ.

ಇದನ್ನು ಕೇಳಿ ನಾನು ಆಗಲೇ ಅಪ್ಪನ ಮೇಲೆ ಬೀಳಲು ಎದ್ದೆ. ಚಿಕ್ಕಮ್ಮ ನನ್ನ ರಟ್ಟೆ ಹಿಡಿದು ಕೂರಿಸಿದಳು. "ನೀನು ಹೇಳಿದ್ರೆ ಮಗಳಿಗೂ ತಲೆ ಕೆಟ್ಟಿದೆ ಅಂತಾರೆ ಅಷ್ಟೇ. ನಿಮ್ಮಪ್ಪನ ಬಾಯಿಂದಲೇ ಬರ್ಬೇಕು. ನಾಲ್ಕು ಜನರ ಮುಂದೆ ಬರ್ಬೇಕು. ಅಲ್ಲೀವರೆಗೂ ತುಟಿಪಿಟಕ್ ಅನ್ನಬೇಡ."

ಆಮೇಲೆ ಅವಳು ಕೆಲಸದಲ್ಲಿ ಮುಳುಗಿದಳು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಗುಲಾಬಿ ಹೂವಿನ ಕಾರ್ಡುಗಳು ಸಾಲುಗಟ್ಟಿ ಬರುತ್ತಿದ್ದವು, ಎಲ್ಲದರ ಮೇಲೂ "ಬೇಗ ಗುಣಮುಖರಾಗಿ". ಅಮ್ಮ ರೇಗುತ್ತಿದ್ದಳು: "ನಾನೇನು ಬೇಕಂತ ಮಲಗಿದೀನಾ? ಎಲ್ಲರೂ ಆರ್ಡರ್ ಮಾಡ್ತಾರಲ್ಲ!" ಅದಕ್ಕೇ ಚಿಕ್ಕಮ್ಮ ಅವಳಿಗೊಂದು ಕಾರ್ಡು ಮಾಡಿಕೊಟ್ಟಿದ್ದಳು. ಹೂವಿಲ್ಲ, ಹಕ್ಕಿಯಿಲ್ಲ. "ಬುಧವಾರ ಬರ್ತೀನಿ. ಬಟ್ಟೆ ಒಗೆದು ಹೋಗ್ತೀನಿ. ನೀನು ನಗಬೇಕಾಗಿಲ್ಲ, ಮಾತಾಡಬೇಕಾಗಿಲ್ಲ" ಎಂದಷ್ಟೇ ಇತ್ತು. ಅಮ್ಮ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡಳು. ಪಕ್ಕದ ಮಂಚದವಳು ತನ್ನ ತಂಗಿಗೆ ತೋರಿಸಿ, ನನಗೂ ಇಂಥದ್ದು ಕೊಡು ಎಂದಳು. ಈಗ ಆ ಕಾರ್ಡಿಗೆ ಎಲ್ಲೆಲ್ಲಿಂದಲೋ ಕೇಳಿಕೊಂಡು ಬರುತ್ತಾರೆ.

ಉಂಡೆಗೆ ಆಪರೇಷನ್ ಮಾಡಿದ ಡಾಕ್ಟರಮ್ಮನೂ ಹಾಗೇ ಬಂದರು. ಸಾಕಿದ ಪ್ರಾಣಿಗಳ ಮೈ ತಡವಿ ನೋಡಿ, ಗಂಟಿದ್ದರೆ ತಡಮಾಡಬೇಡಿ ಎಂದು ಜನರಿಗೆ ತಿಳಿಸುವ ಕಾರ್ಡು ಬೇಕಿತ್ತು ಎಂದರು. ಚಿಕ್ಕಮ್ಮನ ಕಣ್ಣು ಮಿಂಚಿದ್ದನ್ನು ನಾನು ನೋಡಿದೆ. "ಪ್ರಾಣಿಗೂ ಮನುಷ್ಯರಿಗೂ ಸೇರಿಸಿ ಒಂದೇ ಕಾರ್ಡು ಮಾಡೋಣ ಡಾಕ್ಟ್ರೇ. ಫೋಟೊ ನಾನು ತರ್ತೀನಿ" ಎಂದಳು.

ಮಾರನೆಯ ದಿನ ಅಂಗಡಿಗೆ ಬಂದು, ಅಮ್ಮ ಹೋದ ಮೇಲೆ ಮೊದಲ ಸಲ, "ಭಾವಾ" ಎಂದು ಕರೆದಳು. ಅದೆಷ್ಟು ಸಿಹಿಯಾಗಿ ಎಂದರೆ ನನಗೇ ಹೆದರಿಕೆಯಾಯಿತು. ಉಂಡೆಯ ಕಥೆ ಅಪ್ಪ ಯಾರು ಕೇಳಿದರೂ, ಕೇಳದಿದ್ದರೂ ಹೇಳುತ್ತಿದ್ದ. ಕಾರ್ಡಿನ ಮೇಲೆ ಬರುತ್ತದೆ ಎಂದರೆ ಬಿಡುತ್ತಾನೆಯೇ? ಉಂಡೆಗೆ ಸ್ನಾನ ಮಾಡಿಸಿದ, ಕುತ್ತಿಗೆಗೆ ಕೆಂಪು ಲೇಸು ಕಟ್ಟಿದ, ತಾನೂ ತಲೆ ಬಾಚಿಕೊಂಡು ಪಕ್ಕದಲ್ಲಿ ನಿಂತ. ಚಿಕ್ಕಮ್ಮ ಅವನ ಮಾತನ್ನು ಒಂದಕ್ಷರ ಬದಲಿಸದೆ ಅಚ್ಚು ಮಾಡಿದಳು: "ಕೈಗೆ ಗಂಟು ಸಿಕ್ಕಿತು. ಏನೂ ಆಗಲ್ಲ ಅಂತ ಕೂರಲಿಲ್ಲ. ಅವತ್ತೇ ಅಂಗಡಿ ಮುಚ್ಚಿ ಕರ್ಕೊಂಡು ಹೋದೆ. ಇವತ್ತು ನನ್ನ ಉಂಡೆ ಬದುಕಿದ್ದಾಳೆ."

ಕಾರ್ಡು ಬಿಡಿಸಿದರೆ ಒಳಗಿನ ಸಾಲು ಅವಳದು: "ನಿಮ್ಮ ಮನೆಯಲ್ಲೂ ಯಾರೋ ಹೇಳಿರಬಹುದು. ಕೇಳಿಸಿಕೊಳ್ಳಿ."

ಅಪ್ಪ ಫೋಟೊದಲ್ಲಿ ತನ್ನ ಮೀಸೆ ನೋಡಿಕೊಳ್ಳುವುದರಲ್ಲೇ ಇದ್ದ, ಒಳಗಿನದನ್ನು ಓದಲಿಲ್ಲ. ಕಟ್ಟುಗಟ್ಟಲೆ ಕಾರ್ಡು ಕೌಂಟರಿನ ಮೇಲಿಟ್ಟು, ಗುಂಡಿ ತೆಗೆದುಕೊಂಡವರಿಗೂ ಜಿಪ್ಪು ತೆಗೆದುಕೊಂಡವರಿಗೂ ತನ್ನ ಕೈಯಾರೆ ಹಂಚಿದ. ಮುಗಿದರೆ ಚಿಕ್ಕಮ್ಮ ಮತ್ತೆ ತಂದುಕೊಡುತ್ತಿದ್ದಳು. ತಂದವಳು ಹೋಗುತ್ತಿರಲಿಲ್ಲ, ಮೂಲೆಯ ಸ್ಟೂಲಿನ ಮೇಲೆ ಕೂತು ಬಾಗಿಲು ನೋಡುತ್ತಿದ್ದಳು. ಏನಕ್ಕೆ ಕಾಯ್ತಿದೀಯ ಎಂದು ನಾನು ಕೇಳಿದರೆ, "ಯಾರಾದ್ರೂ ಒಬ್ಬರಿಗೆ ಹೊಳೆಯತ್ತೆ ಬಿಡು" ಎನ್ನುತ್ತಿದ್ದಳು.

ಹೊಳೆದದ್ದು ಬಟ್ಟೆ ಹೊಲಿಯುವ ಒಬ್ಬ ಆಂಟಿಗೆ. ಮತ್ತೆ ಯೂನಿಫಾರಂ ಕಾಲ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕುತ್ತಿಗೆಯಲ್ಲಿ ಟೇಪು ತೂಗುಬಿಟ್ಟುಕೊಂಡಿದ್ದ ಆಂಟಿ ಕಾರ್ಡು ಪೂರ್ತಿ ಓದಿ ಲೊಚಗುಟ್ಟಿದರು. ಕೆಟ್ಟ ಮನಸ್ಸಿನವರಲ್ಲ ಅವರು. "ಎಂಥಾ ಒಳ್ಳೇ ಜೀವಾನಪ್ಪ ನಿಮ್ಮದು! ನಾಯಿಗೇ ಅಂಗಡಿ ಮುಚ್ಚಿದೋರು ಹೆಂಡ್ತಿಗೆ ಮುಚ್ತಿರಲಿಲ್ವಾ? ಒಂದೇ ಒಂದು ಮಾತು ಹೇಳಿದ್ರೆ ಉಳ್ಕೊಳ್ತಿದ್ಲು, ಪೆದ್ದಿ!"

ಅಪ್ಪ ನಿಟ್ಟುಸಿರು ಬಿಟ್ಟು ತನ್ನ ಹಳೇ ಮಾತಿಗೆ ಬಾಯಿ ತೆರೆದ. "ಏನ್ಮಾಡೋದು, ಅವಳು ನನಗೆ..."

ಪೆದ್ದಿ ಎಂಬ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಚಿಕ್ಕಮ್ಮನ ಕಡೆ ನೋಡಿದೆ. ಅವಳು ಹೂಂ ಎಂದು ತಲೆಯಾಡಿಸಿದಳು.

"ಅಪ್ಪಾ," ಎಂದೆ ಜೋರಾಗಿ, "ಅಮ್ಮ ನಿಂಗೆ ಹೇಳಿರಲಿಲ್ವಾ?"

ಅಪ್ಪ ನನ್ನನ್ನು ನೋಡಿದ. ಆಂಟಿಯ ಕೈಯಲ್ಲಿ ಬಿಡಿಸಿದ ಕಾರ್ಡಿತ್ತು, ಒಳಗಿನ ಸಾಲು ಅವನ ಮುಖಕ್ಕೇ ಹಿಡಿದ ಹಾಗಿತ್ತು. ಈಗ ಓದಿದ. ಸುತ್ತ ನಿಂತ ಒಬ್ಬೊಬ್ಬರ ಕೈಯಲ್ಲೂ ಅದೇ ಕಾರ್ಡು, ಅವನೇ ಹಂಚಿದ್ದು. ಕೌಂಟರಿನ ಕೆಳಗಿಂದ ಉಂಡೆ ಎದ್ದು ಬಂದು ಅವನ ಕಾಲಿಗೆ ಮೈ ಉಜ್ಜಿದಳು. ಅವಳನ್ನು ಸವರಲು ಬಗ್ಗಿದವನು ಅರ್ಧಕ್ಕೇ ಕೈ ಹಿಂದೆ ತೆಗೆದ. ಮುಖ ಕಪ್ಪಿಟ್ಟಿತ್ತು.

"ಹೇಳಿದ್ಲು" ಎಂದ, ನೆಲ ನೋಡುತ್ತಾ.

ನನಗೆ ಅಯ್ಯೋ ಅನ್ನಿಸಲಿಲ್ಲ. ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು. ಆಂಟಿ ಟೇಪನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

ಚಿಕ್ಕಮ್ಮ ಸ್ಟೂಲಿನಿಂದ ಎದ್ದಳು. ಕೂಗಾಡಲಿಲ್ಲ. ಕೆಂಪು ಉಗುರಿನ ಕೈಯನ್ನು ಕೌಂಟರಿನ ಮೇಲೆ ಊರಿದಳು.

"ಭಾವಾ, ಇನ್ನೊಂದ್ಸಲ ಹೇಳಿ" ಎಂದಳು. "ಹಿಂದೆ ನಿಂತೋರಿಗೆ ಕೇಳಿಸ್ಲಿಲ್ಲ."

ಅಪ್ಪ ಇನ್ನೊಂದು ಸಲ ಹೇಳಿದ.