ಎರಡು ಆಸ್ಪತ್ರೆಗೆ ಒಂದೇ ನೂಲು

ಮೊದಲ ಹೆರಿಗೆ ತವರಿನಲ್ಲೇ ಆಗಬೇಕು ಎನ್ನುವ ವಿಷಯದಲ್ಲಿ ನಮ್ಮ ನೇಕಾರರ ಕೇರಿಯಲ್ಲಿ ಎರಡು ಮಾತಿರಲಿಲ್ಲ. ನನ್ನ ಪಾಲಿಗೆ ಮಾತ್ರ ಅದೊಂದು ಪಂಚಾಯಿತಿಯೇ ಆಗಿಹೋಯಿತು. ಎಂಬತ್ತರ ದಶಕದ ಮೊದಲ ವರ್ಷಗಳು. ನನ್ನ ತವರು ಕಲ್ಯಾಣದುರ್ಗ, ಸೇರಿದ ಮನೆ ಹಿಂದೂಪುರ. ನನ್ನ ಅತ್ತೆ ಅಪ್ಪನ ಒಡಹುಟ್ಟಿದ ಅಕ್ಕ. ಹೀಗಾಗಿ ನನ್ನ ಮಾವನೂ ಅಪ್ಪನೂ ಭಾವ-ಮೈದುನರು. ಒಬ್ಬರ ಕಾಲನ್ನೊಬ್ಬರು ಎಳೆಯದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

ಏಳು ತಿಂಗಳು ತುಂಬಿದಾಗ ಅಪ್ಪ ನನ್ನನ್ನು ಕರೆದೊಯ್ಯಲು ಬಂದರು. ಮಾವ ಮಗ್ಗದ ಮುಂದಿನಿಂದ ಏಳಲೇ ಇಲ್ಲ.

"ಸೊಸೇನ ಕಳಿಸ್ತೀನಿ ಕಣಪ್ಪ ಬಾಮೈದ. ನಿಮ್ಮೂರಾಸ್ಪತ್ರೆ ನಮ್ಮೂರದಕ್ಕಿಂತ ದೊಡ್ಡದಾಗಿದ್ರೆ ಕಳಿಸ್ತೀನಿ. ಇಲ್ದಿದ್ರೆ ಇಲ್ಲೇ ಇರ್ಲಿ," ಎಂದರು.

ಅವರ ಹಟಕ್ಕೆ ಕಾರಣವಿತ್ತು. ಮೂರು ವರ್ಷದ ಹಿಂದೆ ನನ್ನ ನಾದಿನಿ, ಅವರ ಒಬ್ಬಳೇ ಮಗಳು, ಮೊದಲ ಹೆರಿಗೆಗೆಂದು ಹಿಂದೂಪುರಕ್ಕೆ ಬಂದಿದ್ದಳು. ಮಗು ಉಳಿಯಲಿಲ್ಲ. ಸಣ್ಣ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು ಎಂದು ಮಾವ ಬಂದವರಿಗೆಲ್ಲ ಹೇಳುತ್ತಿದ್ದರು. ಆಮೇಲೆ ನಾದಿನಿ ಎಷ್ಟು ಸಲ ಬಂದು ಹೋದರೂ ಅವಳೆದುರು ಯಾರೂ ಮಗುವಿನ ಮಾತೆತ್ತಲಿಲ್ಲ. ನನಗೆ ಮಾವನ ನೋವು ಅರ್ಥವಾಗುತ್ತಿತ್ತು. ಆದರೂ ನನಗೆ ಅಮ್ಮನ ಹತ್ತಿರ ಹೋಗಬೇಕಿತ್ತು. ಆಸೆ ಎಷ್ಟಿತ್ತೆಂದರೆ, ಸೀರೆಗಳನ್ನು ಆಗಲೇ ಚೀಲಕ್ಕೆ ತುಂಬಿ ಕಟ್ಟಿಟ್ಟಿದ್ದೆ.

ರಾತ್ರಿ ಊಟದ ಹೊತ್ತಿಗೆ ಲೆಕ್ಕಾಚಾರ ಶುರುವಾಯಿತು. ಹಿಂದೂಪುರದ ದೊಡ್ಡಾಸ್ಪತ್ರೆಗೆ ಪೆನುಕೊಂಡದಲ್ಲೂ ಒಂದು ಶಾಖೆ ಇತ್ತು, ಅದನ್ನೂ ಹಿಡಿಯಬೇಕೆಂದರು ಮಾವ. ಹಾಗಾದರೆ ನಮ್ಮೂರ ಧರ್ಮಾಸ್ಪತ್ರೆಗೆ ಕಂಬದೂರಿನಲ್ಲಿ ಒಂದಿದೆ, ಸುತ್ತಲ ಹಳ್ಳಿಗಳಲ್ಲಿ ಇನ್ನೂ ಮೂರಿವೆ ಎಂದರು ಅಪ್ಪ.

"ಕಂಬದೂರಿಂದು ಆಸ್ಪತ್ರೆ ಏನ್ಲಾ? ಒಂದು ರೂಮು, ಒಂದು ಬೆಂಚು. ನರ್ಸಮ್ಮ ಬರೋದು ವಾರಕ್ಕೊಂದ್ಸಲ ಕಣಪ್ಪ. ಮಿಕ್ಕಿದ್ ದಿನ ಜಗಲಿ ಮೇಲೆ ಮೇಕೆ ಮಲಗಿರ್ತವೆ."

"ಮಲಗ್ಲಿ ಬಿಡು ಭಾವ. ಮೇಕೆ ಮಲಗೋವಷ್ಟು ಜಾಗ ಇದೆ ಅಂತ ನೀನೇ ಒಪ್ಕೊಂಡಂಗಾಯ್ತಲ್ಲ."

ಅತ್ತೆಗೆ ತವರೂರೂ ಬೇಕು, ಗಂಡನೂ ಬೇಕು. ಅವರು ಇಬ್ಬರ ತಟ್ಟೆಗೂ ಇನ್ನೊಂದೊಂದು ಮುದ್ದೆ ಹಾಕಿದರು.

ಬಾಯಿಮಾತಿನಲ್ಲಿ ಬಗೆಹರಿಯದ್ದನ್ನು ನೇಕಾರ ನೂಲಿನಲ್ಲಿ ಬಗೆಹರಿಸಿಕೊಳ್ಳುತ್ತಾನೆ. ಬೆಳಿಗ್ಗೆ ಮಾವ ಅರಿಶಿನ ಬಣ್ಣದ ನೂಲಿನ ಉಂಡೆಯೊಂದನ್ನು ಹಿಡಿದು ದೊಡ್ಡಾಸ್ಪತ್ರೆಗೆ ಹೋದರು. ವಾಚ್‌ಮನ್ನನ್ನು ಒಪ್ಪಿಸಿ, ಕಟ್ಟಡದ ಸುತ್ತ ಒಂದು ಸುತ್ತು ನೂಲು ಹಿಡಿದು, ಅಲ್ಲಿಗೆ ಕತ್ತರಿಸಿಕೊಂಡು ಬಂದರು. ಅದೇ ನೂಲನ್ನು ಕಲ್ಯಾಣದುರ್ಗದ ಆಸ್ಪತ್ರೆಗೆ ಸುತ್ತುವುದು. ಸಾಲದೆ ಬಂದರೆ ಅಪ್ಪ ಗೆದ್ದಂತೆ, ನಾನು ತವರಿನಲ್ಲಿ ಉಳಿಯುವುದು. ಮಿಕ್ಕರೆ ಮಾವ ಗೆದ್ದಂತೆ, ನಾನು ಅದೇ ದಿನದ ಬಸ್ಸಿಗೆ ವಾಪಸು. ಹೊಟ್ಟೆ ಹೊತ್ತವಳನ್ನು ಯಾರೂ ಕೇಳಲಿಲ್ಲ. ನನಗೆ ಉರಿದುಹೋಯಿತು, ಆದರೆ ಚೀಲ ಮಾತ್ರ ಬಿಚ್ಚಲಿಲ್ಲ.

ಕಲ್ಯಾಣದುರ್ಗದಲ್ಲಿ ಬಸ್ಸಿಳಿದವರು ನೇರ ಆಸ್ಪತ್ರೆಗೆ ಹೋದೆವು. ಮಾವ ನೂಲಿನ ತುದಿಯನ್ನು ಮುಂಬಾಗಿಲ ಕಂಬಕ್ಕೆ ಕಟ್ಟಿ, ಉಂಡೆ ಬಿಚ್ಚುತ್ತ ಗೋಡೆಯ ಪಕ್ಕದಲ್ಲಿ ಹೊರಟರು. ಅಪ್ಪ ಹಿಂದೆಯೇ ಹೋಗಿ, ನೂಲು ಸಡಿಲ ಬಿಡುತ್ತಿದ್ದಾರೋ ಬಿಗಿ ಹಿಡಿಯುತ್ತಿದ್ದಾರೋ ಎಂದು ತಕರಾರು ಮಾಡುತ್ತಿದ್ದರು. ನಾನು ಬೇವಿನ ಮರದ ಕೆಳಗೆ ಕೂತೆ.

ಅರಳಿಮರಕ್ಕೆ ಹಳದಿ ನೂಲು ಸುತ್ತಿ ಹರಕೆ ಹೊರುವ ಹೆಂಗಸರಿಗೆ, ಹಿರಿಯನೊಬ್ಬ ಆಸ್ಪತ್ರೆಗೇ ನೂಲು ಸುತ್ತುವುದು ಕಂಡರೆ ಏನನ್ನಿಸಬೇಕು? ಒಬ್ಬ ಅಜ್ಜಿ ಎಲೆಯಡಿಕೆ ಸಂಚಿಯಿಂದ ಕುಂಕುಮ ತೆಗೆದು ಕಂಬಕ್ಕೆ ಇಟ್ಟಳು. ಇನ್ನೊಬ್ಬಳು ಕೈಮುಗಿದು ತಾನೂ ನೂಲಿನ ಹಿಂದೆ ಹೊರಟಳು. ಮಾವ ಮೂರನೆಯ ಮೂಲೆ ತಿರುಗುವಷ್ಟರಲ್ಲಿ ಅವರ ಹಿಂದೆ ಹತ್ತು ಹನ್ನೆರಡು ಜನ ಪ್ರದಕ್ಷಿಣೆ ಬರುತ್ತಿದ್ದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಒಳಗಿನ ಮಗುವೂ ಒಂದು ಸಲ ಒದೆಯಿತು.

ಮಾವ ಸುತ್ತಿ ಕಂಬಕ್ಕೆ ಬಂದರು. ಕೈಯಲ್ಲಿ ಇನ್ನೂ ಸಾಕಷ್ಟು ನೂಲು ಉಳಿದಿತ್ತು. ನನ್ನ ನಗು ಅಲ್ಲಿಗೇ ನಿಂತಿತು.

"ಕಂಬದೂರು ಸೇರಿಸು ಭಾವ," ಎಂದರು ಅಪ್ಪ ಮೆತ್ತಗೆ. ಮಾವ ಮುಖ ಸಪ್ಪಗೆ ಮಾಡಿಕೊಂಡು ಮಿಕ್ಕ ನೂಲನ್ನೇ ನೋಡುತ್ತಿದ್ದರು. ಗೆದ್ದವರ ಮುಖ ಹಾಗಿರುವುದಿಲ್ಲ.

ಗದ್ದಲಕ್ಕೆ ಹೆರಿಗೆ ವಾರ್ಡಿನ ಹಿರಿಯ ಸಿಸ್ಟರು ಹೊರಗೆ ಬಂದರು. "ಪೆದ್ದಾಯನಾ, ಏಮಿ ಕೊಲುಸ್ತಾಂಡಾವು?" ಎಂದು ತೆಲುಗಿನಲ್ಲಿ ಕೇಳಿದರು. ಏನು ಅಳೀತಿದ್ದೀಯ ಎಂದು ಕೇಳಿದ್ದಷ್ಟೇ. ಮಾವ ನೂಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮಗಳ ಕತೆ ಹೇಳಿದರು. ಸಣ್ಣ ನರ್ಸಿಂಗ್ ಹೋಮಿನ ತನಕ ಬಂದು ತಡವರಿಸಿದರು. ಆಮೇಲೆ ನಾವು ಯಾರೂ ಕೇಳಿರದ ಮಾತೊಂದು ಹೊರಬಿತ್ತು.

"ಅಲ್ಲೇನೂ ಕಮ್ಮಿ ಮಾಡ್ಲಿಲ್ಲಮ್ಮ ಅವ್ರು. ನಮ್ಮನೆ ರೈಲ್ವೆ ಗೇಟಿಂದ ಈ ಕಡೆ, ಆಸ್ಪತ್ರೆಗಳೆಲ್ಲ ಆ ಕಡೆ. ಜಟಕಾದಾಗೆ ಕರ್ಕೊಂಡು ಹೊಂಟೆ. ಗೇಟ್ ಹಾಕ್ಬುಟ್ಟಿದ್ರು. ಗೂಡ್ಸು ನಿಂತ್ಬುಡ್ತು. ನಾ ಕೂತ್ಕಂಡು ನೋಡ್ತಾ ಇದ್ದೆ."

ಅಪ್ಪ ಭಾವನ ಹೆಗಲ ಮೇಲೆ ಕೈಯಿಟ್ಟರು. ಅಷ್ಟು ವರ್ಷದ ಕೀಟಲೆಯಲ್ಲಿ ಅವರು ಹಾಗೆ ಮುಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸಿಸ್ಟರು ನನ್ನತ್ತ ತಿರುಗಿ, "ಈ ಹುಡುಗಿ ತವರುಮನೆ ಎಲ್ಲೈತೆ?" ಎಂದು ಕೇಳಿದರು. ಅಪ್ಪ ಎದುರಿನ ಬೀದಿಯತ್ತ ಕೈ ತೋರಿಸಿದರು.

"ಮಿಕ್ಕಿದ್ ನೂಲು ಹಿಡ್ಕೊಂಡು ಅಲ್ಲಿಗಂಟ ಹೋಗಿ ಬನ್ನಿ. ಅಷ್ಟು ಅಳತೆ ನಂಗೆ ಸಾಕು."

ಮಾವ ಹೊರಟರು. ನೂಲು ಆಸ್ಪತ್ರೆಯ ಕಂಬದಿಂದ ಅಂಗಳ ದಾಟಿ, ರಸ್ತೆ ದಾಟಿ, ನಮ್ಮ ಬೀದಿಗೆ ತಿರುಗಿತು. ಎತ್ತಿನ ಗಾಡಿಯವನೊಬ್ಬ ಗಾಡಿ ನಿಲ್ಲಿಸಿ ದಾರಿ ಬಿಟ್ಟ. ಅಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಹೊಸ್ತಿಲು ಇನ್ನೊಂದು ಮಾರು ಇದೆ ಎನ್ನುವಾಗ ನೂಲು ಮುಗಿಯಿತು. ಅಪ್ಪ ಹೆಗಲ ಟವಲು ತೆಗೆದು ತುದಿಗೆ ಗಂಟು ಹಾಕಿದರು. ಟವಲಿನ ಇನ್ನೊಂದು ತುದಿ ಅಮ್ಮನ ಕೈಗೆ ಸಿಕ್ಕಿತು.

ಮಾವ ಹಿಂತಿರುಗಿ ಆ ಹಳದಿ ಗೆರೆಯನ್ನು ಉದ್ದಕ್ಕೂ ನೋಡಿದರು. "ನಡುವೆ ಗೇಟಿಲ್ಲ," ಎಂದರು. ಆಮೇಲೆ ನಕ್ಕರು. ನಗುತ್ತಲೇ ನನ್ನ ಚೀಲವನ್ನು ಒಳಗೆ ತೆಗೆದುಕೊಂಡು ಹೋಗಿ ಇಟ್ಟು, "ನಾನು ಹೋಯ್ತೀನಿ ಕಣಮ್ಮ, ಹೆರಿಗೆ ಹೊತ್ತಿಗೆ ಬತ್ತೀನಿ" ಎಂದರು. ನನಗೆ ಅಳು ಬಂತು. ಅಷ್ಟು ಸಂತೋಷವನ್ನು ನಾನು ಮದುವೆಯ ದಿನವೂ ಪಟ್ಟಿರಲಿಲ್ಲ.

ನನಗೆ ಗಂಡುಮಗುವಾಯಿತು. ನೋವು ಶುರುವಾದಾಗ ಅಮ್ಮನ ಕೈ ಹಿಡಿದು ನಡೆದೇ ಹೋಗಿದ್ದೆ.

ಮರುವರ್ಷ ಒಂದು ಮಧ್ಯಾಹ್ನ, ಹೇಳದೆ ಕೇಳದೆ ಮಾವ ಅಪ್ಪನ ಮನೆಯ ಬಾಗಿಲಲ್ಲಿ ನಿಂತಿದ್ದರು. ಮಗನನ್ನು ಕರೆದುಕೊಂಡು ನಾನೂ ಆಗ ತವರಿಗೆ ಬಂದಿದ್ದೆ. ಅವರ ಹಿಂದೆ ತುಂಬು ಬಸುರಿ ನಾದಿನಿ. ತನ್ನ ತವರಿನ ಊರು ಬಿಟ್ಟು ಸೋದರಮಾವನ ಮನೆಗೆ ಹೆರಿಗೆಗೆ ಬಂದವಳನ್ನು ನಮ್ಮ ಕೇರಿ ಅದೇ ಮೊದಲು ನೋಡಿದ್ದು.

"ನೂಲು ತರ್ಲಿಲ್ವಾ ಭಾವ?" ಎಂದರು ಅಪ್ಪ.

"ಮಗಳನ್ನ ತಂದಿದೀನಿ ಕಣಪ್ಪ," ಎಂದರು ಮಾವ.

ನಾದಿನಿಗೆ ಹೆಣ್ಣುಮಗು ಹುಟ್ಟಿತು, ಹುಟ್ಟುತ್ತಲೇ ವಾರ್ಡೆಲ್ಲ ಕೇಳುವಂತೆ ಅತ್ತಿತು. ಅಲ್ಲಿಂದಾಚೆಗೆ ಹಿಂದೂಪುರದಲ್ಲಿ ಯಾರೇ ಕೇಳಲಿ, ಕಲ್ಯಾಣದುರ್ಗದ ಆಸ್ಪತ್ರೆಯೇ ದೊಡ್ಡದು ಎಂದು ಮಾವ ಎದೆ ತಟ್ಟಿ ಹೇಳುತ್ತಿದ್ದರು. ನೂಲು ಮಿಕ್ಕಿತ್ತಲ್ಲ ಎಂದು ಅತ್ತೆ ನೆನಪಿಸಿದರೆ, ಮೊಮ್ಮಗಳನ್ನು ತೊಡೆಯ ಮೇಲೆ ಸರಿಮಾಡಿಕೊಂಡು, "ನಾನು ಕಂಬದೂರು ಸೇರಿಸ್ಕೊಂಡು ಹೇಳ್ತಿರೋದು" ಎನ್ನುತ್ತಿದ್ದರು.