ಕುಂದಾಣದ ಬಗ್ಗಡ ನೀರು

ಮೊದಲ ಬೆಳಗ್ಗೆ ಮೀಯಲು ಕೂತವಳು ಎತ್ತಿದ ಚೊಂಬನ್ನು ಹಾಗೇ ಹಿಡಿದುಕೊಂಡಿದ್ದೆ. ಹಂಡೆಯಲ್ಲಿದ್ದದ್ದು ನೀರಲ್ಲ, ಅಕ್ಕಚ್ಚು. ಅಕ್ಕಿ ತೊಳೆದ ಅಂಥ ಬಿಳಿ ನೀರನ್ನು ನಮ್ಮ ಕುಂದಾಪುರದ ಕಡೆ ದನಕ್ಕೆ ಇಡುತ್ತಾರೆಯೇ ಹೊರತು ಯಾರೂ ಮೈಮೇಲೆ ಸುರಿದುಕೊಳ್ಳುವುದಿಲ್ಲ. ಬಚ್ಚಲ ಹೊಗೆಯಲ್ಲಿ ನನಗಿನ್ನೂ ಕನಸೇ ಮುಗಿದಿಲ್ಲವೇನೋ ಅನ್ನಿಸಿತು. ಶಾಲೆಗೆ ರಜೆಯಿದ್ದ ದಿನ, ಹೊರಗಿನಿಂದ ನಮ್ಮ ಯಜಮಾನರು "ನೀರು ಹುಯ್ಕೊಂಡ್ಯಾ?" ಎಂದರು. ಇಲ್ಲಿ ಮೀಯುವುದಕ್ಕೆ ಹಾಗೆನ್ನುತ್ತಾರೆ. ಎರಡು ವರ್ಷ ಮೊದಲೇ ಶಾಲೆಯ ಮೇಷ್ಟ್ರಾಗಿ ಕುಂದಾಣಕ್ಕೆ ಬಂದಿದ್ದ ಅವರ ಮಾತೆಲ್ಲ ಘಟ್ಟದ ಮೇಲಿನದೇ ಆಗಿಬಿಟ್ಟಿತ್ತು.

ಯುದ್ಧದ ಕಾಲ ಅದು. ಆರು ತಿಂಗಳ ಮಗಳನ್ನು ಎತ್ತಿಕೊಂಡು ಘಟ್ಟ ಹತ್ತಿ ಬಂದಿದ್ದೆ. ಊರಿನಲ್ಲಿ ಹೆಂಚಿನ ಮನೆ, ಇಲ್ಲಿ ಮಣ್ಣಿನ ಮಾಳಿಗೆ. ನಡುವೆ ಬೆಳಕಿಗೊಂದು ಗವಾಕ್ಷಿ. ಊರಿನಲ್ಲಿ ಕುಚ್ಚಲಕ್ಕಿ ಗಂಜಿ, ಇಲ್ಲಿ ರಾಗಿಮುದ್ದೆ. ಅದನ್ನು ಅಗಿಯಬಾರದಂತೆ, ನುಂಗಬೇಕಂತೆ. ಅಗಿದಗಿದು ದವಡೆ ನೋಯಿಸಿಕೊಂಡೆ. ಇವೆಲ್ಲಕ್ಕೂ ಒಗ್ಗಿಕೊಳ್ಳಬಹುದಿತ್ತು. ಆದರೆ ಆ ನೀರಿನಲ್ಲಿ ಮೀಯಿಸಿದ ಮೇಲೆ ಮಗುವಿನ ಕತ್ತಿನ ಮಡಿಕೆಯಲ್ಲಿ ಸಣ್ಣ ಮಣ್ಣು ಉಳಿಯತೊಡಗಿತು. ಹದಿನೈದು ದಿನದಲ್ಲಿ ಕತ್ತು, ಕಂಕುಳು ಕೆಂಪಾಗಿ, ಮಗು ರಾತ್ರಿಯೆಲ್ಲ ಅಳತೊಡಗಿತು.

ಯಜಮಾನರು ಒಂದು ದಿನ ಮಗುವಿನ ಕತ್ತಿಗೆ ಕೊಬ್ಬರಿ ಎಣ್ಣೆ ಸವರಿದರು. "ಈ ತಿಂಗ್ಳು ಮುಗಿಯೋದ್ರೊಳ್ಗೆ ನೀರು ತಿಳಿಯಾಗ್ದಿದ್ರೆ ನಿನ್ನೂ ಮಗೂನೂ ಊರಿಗೆ ಕಳಿಸ್ಬಿಡ್ತೀನಿ. ಮಗು ದೊಡ್ಡದಾದ್ಮೇಲೆ ನೋಡೋಣ" ಎಂದರು.

ನಿಮ್ಮ ಮುಂದೆ ಮುಚ್ಚಿಡುವುದೇನು, ನನಗೆ ಒಳಗೊಳಗೇ ಸಂತೋಷವಾಯಿತು. ಹಗಲಲ್ಲೇ ಕಣ್ಣು ಮುಚ್ಚಿದರೆ ಸಮುದ್ರದ ಸದ್ದು ಕೇಳುತ್ತಿತ್ತು. ಅಮ್ಮನ ಮನೆಯ ಬಾವಿಕಟ್ಟೆಯ ಮೇಲೆ ಕೂತಂತೆ, ಕಾಲಿಗೆ ತಣ್ಣಗೆ ಪಾಚಿ ತಗಲಿದಂತೆ ಆಗುತ್ತಿತ್ತು. ಅದೇ ಹೊತ್ತಿಗೆ, ಒಬ್ಬರೇ ಬೇಯಿಸಿಕೊಂಡು ಎರಡು ವರ್ಷ ಕಳೆದಿದ್ದ ಈ ಮನುಷ್ಯನನ್ನು ಮತ್ತೆ ಒಂಟಿಯಾಗಿ ಬಿಟ್ಟುಹೋಗುವುದೂ ಸಂಕಟವೇ. ಅಪ್ಪನ ಮುಖ ಈಗಷ್ಟೇ ಗುರುತು ಹಿಡಿಯುತ್ತಿದ್ದ ಮಗು ಅದನ್ನು ಮರೆತುಬಿಡುತ್ತಿತ್ತು. ಹಾಗಾಗಿ ಅರ್ಧ ಮನಸ್ಸಿನಿಂದಲೇ ಕಾರಣ ಹುಡುಕಲು ಹೊರಟೆ.

ಮೊದಲು ಹಂಡೆಯ ಮೇಲೆ ಅನುಮಾನ. ಇಲ್ಲಿಯ ನೀರು ಗಡಸು, ಬೇಳೆ ಕೂಡ ಬೇಗ ಬೇಯದು. ಕಾಯಿಸಿ ಕಾಯಿಸಿ ತಾಮ್ರದ ಒಳಮೈಗೆ ಸುಣ್ಣದಂಥ ಬಿಳಿ ಕರೆ ಕಟ್ಟಿತ್ತು. ಹುಣಸೆಹಣ್ಣು ಹಚ್ಚಿ ನೆನೆಸಿ, ರಟ್ಟೆ ಬೀಳುವಂತೆ ಉಜ್ಜಿದೆ. ಕರೆ ಚಕ್ಕೆ ಚಕ್ಕೆಯಾಗಿ ಎದ್ದುಬಂತು. ಮಾರನೆಯ ದಿನ ನೀರಲ್ಲಿ ತೇಲುತ್ತಿದ್ದ ಬಿಳಿ ಚೂರುಗಳು ಇರಲಿಲ್ಲ, ಬಗ್ಗಡ ಮಾತ್ರ ಹಾಗೇ ಇತ್ತು. ಆಮೇಲೆ ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಿದೆ. ಸೀರೆಗೆ ಮಣ್ಣಿನ ಬಣ್ಣ ಬಂತು, ನೀರಿನ ಬಣ್ಣ ಹೋಗಲಿಲ್ಲ.

ಒಂದು ಬೆಳಗ್ಗೆ ಪಕ್ಕದ ಮನೆಯ ಮುನಿಯಮ್ಮನವರು ಹಿತ್ತಲ ಬೇಲಿಯಾಚೆ ನಿಂತಿದ್ದರು. ನಾವು ನೀರು ತರುತ್ತಿದ್ದ ತೋಟದ ಬಾವಿ ಅವರದೇ. ನಾನು ಹಂಡೆಯಲ್ಲಿ ಉಳಿದಿದ್ದ ಹಿಂದಿನ ದಿನದ ನೀರನ್ನು ಎತ್ತಿ ಬಾಳೆಗಿಡಕ್ಕೆ ಚೆಲ್ಲುತ್ತಿದ್ದೆ.

"ಅಯ್ಯೋ ಮೇಷ್ಟ್ರಮ್ಮ, ಅಂಥಾ ಒಳ್ಳೆ ನೀರ್ನ ಯಾಕವ್ವ ಚೆಲ್ತೀಯ?"

"ಅದು ನಿನ್ನೆಯದು. ನಮ್ಮಲ್ಲಿ ರಾತ್ರಿ ನಿಂತ ನೀರಿನಲ್ಲಿ ಮೀಯುವುದಿಲ್ಲ. ಆಗಷ್ಟೇ ಸೇದಿದ್ದೇ ಆಗಬೇಕು" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

"ಯಾವಾಗ್ ಸೇದ್ತೀಯ?"

"ಇವರು ನಸುಕಿಗೇ ಬಾವಿಯ ಹತ್ತಿರ ಮಿಂದು ಬಂದು, ಶಾಲೆಗೆ ಹೋದ ಮೇಲೆ. ಮಗು ಮಲಗಿದಾಗ."

ಮುನಿಯಮ್ಮನವರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ನಮ್ಮೋರು ಹೊತ್ತು ಮೂಡ್ತಿದ್ದಂಗೆ ಕಪಿಲೆ ಹೂಡ್ತಾರೆ. ಆ ಬಾವಿ ತಳಾನೆಲ್ಲಾ ಕಲಕಿ ಮ್ಯಾಕೆತ್ತಾರೆ. ನೀನು ಅದುನ್ನೇ ತಂದು, ಹಂಗಂಗೇ ಒಲೆಗಿಕ್ತೀಯ. ತಿಳಿಯಾಗಿರೋದುನ್ನ ಬಾಳೆಗಿಡಕ್ಕೆ ಹಾಕ್ತೀಯ. ಬಾಳೆಗಿಡಾನೇ ಪುಣ್ಯವಂತ್ರು ಬುಡು!"

ಕಪಿಲೆ ಎಂದರೆ ಎತ್ತುಗಳನ್ನು ಹೂಡಿ ಚರ್ಮದ ದೊಡ್ಡ ಚೀಲದಲ್ಲಿ ಹೊಲಕ್ಕೆ ನೀರೆತ್ತುವುದು. ನಮ್ಮ ಕೆಂಪುಕಲ್ಲಿನ ಬಾವಿ ಯಾವ ಹೊತ್ತಿನಲ್ಲಿ ಕೊಡಪಾನ ಬಿಟ್ಟರೂ ತಿಳಿ ನೀರು ಕೊಡುತ್ತದೆ. ಇಲ್ಲಿಯ ಬಾವಿಗೆ ತಳದಲ್ಲಿ ಜೇಡಿ, ಮೇಲೆ ಎತ್ತುಗಳ ದುಡಿಮೆ. ಊರಿನ ಶುಚಿಯನ್ನೇ ಇಲ್ಲಿ ನಡೆಸಲು ಹೋಗಿ, ಮಗುವಿನ ಮೈಗೆ ದಿನವೂ ನಾನೇ ಕೆಸರು ಎರೆಯುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅವರು ಒಳಗೆ ಹೋಗಿ ಗೋಲಿಯಷ್ಟು ದಪ್ಪದ ಬೀಜವೊಂದನ್ನು ತಂದರು. ಬಗ್ಗಡವನ್ನು ತಳಕ್ಕಿಳಿಸುವ ಚಿಲ್ಲದ ಬೀಜವಂತೆ. ನನ್ನ ಮಣ್ಣಿನ ಗುಡಾಣದ ಒಳಮೈಗೆ ಅದನ್ನು ತೇಯ್ದು ತೋರಿಸಿದರು. "ಕಪಿಲೆ ಹೂಡೋಕ್ ಮುಂಚೆ ನೀರ್ ತಂದು ಇದ್ರಾಗೆ ತುಂಬ್ಸು. ನಾಳೀಕಂತ ಬುಟ್ಬುಡು. ನೀರೂ ಒಸಿ ಮಲಗ್ಬೇಕು ಕಣವ್ವ. ಬೆಳಗ್ಗೆ ಮೇಲ್ಮೇಲಿಂದು ಮಾತ್ರ ಮೆತ್ಗೆ ತಗಿ, ತಳದ್ದು ಮುಟ್ಬ್ಯಾಡ."

ಹೇಳಿದಂತೆ ಮಾಡಿದೆ. ಮಾರನೆಯ ಬೆಳಗ್ಗೆ ಉಸಿರು ಬಿಗಿಹಿಡಿದು ಚೊಂಬು ಚೊಂಬಾಗಿ ಹಂಡೆಗೆ ತೆಗೆದು ಹಾಕಿದೆ. ಗವಾಕ್ಷಿಯ ಬೆಳಕು ಓರೆಯಾಗಿ ಬಂದು ಹಂಡೆಯೊಳಗೆ ಇಳಿಯಿತು. ತಳದ ತಾಮ್ರ ಕಂಡಿತು. ಅದರ ಮೇಲಿನ ಸುತ್ತಿಗೆ ಪೆಟ್ಟಿನ ಗುರುತುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಹೊಗೆ ಸುತ್ತುತ್ತಿತ್ತು, ಎಲ್ಲೋ ಕಪಿಲೆಯ ರಾಟೆ ಕಿರ್ರೆನ್ನುತ್ತಿತ್ತು. ನನಗೆ ಬಂದ ಮೊದಲ ಯೋಚನೆಯೆಂದರೆ ಇನ್ನು ಊರಿಗೆ ಹೋಗುವಂತಿಲ್ಲ.

ತಿಂಗಳು ಮುಗಿಯಲು ಇನ್ನು ನಾಲ್ಕೇ ದಿನವಿತ್ತು. ಗುಡಾಣದ ತಳದಲ್ಲಿ ಮೊಸರಿನಂತೆ ಕೂತಿದ್ದ ಜೇಡಿಯಿಂದ ಒಂದು ಚೊಂಬು ಹಂಡೆಗೆ ಬೆರೆಸಿದ್ದರೆ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಚೊಂಬು ಕೈಯಲ್ಲೇ ಇತ್ತು, ಗುಡಾಣದ ಬಾಯಿಯವರೆಗೂ ಹೋಗಿತ್ತು ಕೂಡ.

ಆಗ ಹೊರಗಿನಿಂದ ಅವರು ಕೇಳಿದರು, "ಹೆಂಗಿದೆ ಇವತ್ತು?" ಮಗು ಅವರ ಹೆಗಲ ಮೇಲಿತ್ತು, ಏನೋ ಗುನುಗುತ್ತಿತ್ತು.

"ತಿಳಿಯಾಗಿದೆ, ಬಂದು ನೋಡಿ" ಎಂದೆ. ನನ್ನ ದನಿ ನನಗೇ ಬೇರೆ ಯಾರದೋ ಎನಿಸಿತು.

ಅವರು ಬಗ್ಗಿ ನೋಡಿದರು. ನೀರಿಗೆ ಒಂದು ಬೆರಳು ಅದ್ದಿ ತೆಗೆದರು. ಆಮೇಲೆ "ಬಸ್ಸಿಗೆ ಹೇಳಿಟ್ಟಿದ್ದೆ. ಬೇಡ ಅಂತ ಇವತ್ತೇ ಹೇಳ್ಬರ್ತೀನಿ" ಎಂದು ಹೊರಟವರು, ಮಗುವನ್ನು ನನ್ನ ಕೈಗೆ ಕೊಡುವುದನ್ನೂ ಮರೆತು ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಕಣ್ಣು ಒದ್ದೆಯಾಗಿತ್ತು. ಹೊಗೆ ಎಂದರು.

ಮಗುವಿಗೆ ಎರೆಯುತ್ತಾ ನಾನೂ ಅತ್ತೆ. ಊರು ದೂರವಾದದ್ದಕ್ಕೂ ಅತ್ತೆ, ಮನೆ ಉಳಿದದ್ದಕ್ಕೂ ಅತ್ತೆ. ಮಧ್ಯಾಹ್ನ ಅಮ್ಮನಿಗೆ ಕಾಗದ ಬರೆಯಲು ಕೂತೆ. "ಇಲ್ಲಿ ನೀರು ಸರಿಹೋಯಿತು. ಈ ವರ್ಷ ಬರುವುದಿಲ್ಲ." ಈ ಎರಡು ಸಾಲುಗಳ ನಡುವೆ ನಾನು ಎಷ್ಟು ಹೊತ್ತು ಕೂತಿದ್ದೆನೆಂಬುದು ಆ ಕಾಗದದಲ್ಲಿ ಕಾಣುವುದಿಲ್ಲ.