ಪಕ್ಕದ ಕೋಣೆಯ ಟೀಚರ್

2015ರ ಆಸುಪಾಸಿನಲ್ಲಿ ನಾನು ಅಮೆರಿಕದ ಬಾಥೆಲ್ ಎಂಬ ಊರಿನ ಒಂದು ಸಮುದಾಯ ಭವನದಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅಲ್ಲಿನ ಮೂಲನಿವಾಸಿ ಅಜ್ಜಿಯೊಬ್ಬರು ತಮ್ಮ ಜನರ ಭಾಷೆ ಕಲಿಸುತ್ತಿದ್ದರು. ಅವರ ಮುಖ ನನ್ನ ನೆನಪಿನಲ್ಲಿ ಬದಲಾಗುತ್ತಲೇ ಇರುತ್ತದೆ, ಅದನ್ನು ನಂಬಲಾರೆ. ದನಿಯನ್ನು ನಂಬುತ್ತೇನೆ. ಯಾರು ಎಷ್ಟೇ ತಪ್ಪಿದರೂ ಅಂಗೈಯಿಂದ ಮೇಜು ತಟ್ಟಿ "ಚೆನ್ನಾಗಿದೆ, ಇನ್ನೊಂದ್ಸಲ" ಎನ್ನುತ್ತಿದ್ದರು.

ನನ್ನ ತರಗತಿಯಲ್ಲಿ ಇಂಗ್ಲಿಷ್ ಆಡಿದವರು ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ಒಂದು ದಿನ ಎಂಟು ವರ್ಷದ ಹುಡುಗಿ ನಿಂತಿದ್ದಳು. ಬಾಗಿಲ ಮುಂದೆ ಹಾದುಹೋಗುತ್ತಿದ್ದ ಅಜ್ಜಿ ಒಳಬಂದು, ಅವಳೇನು ಮಾಡಿದಳೆಂದು ಕೇಳಿದರು. ತುಸು ಹೆಮ್ಮೆಯಿಂದಲೇ ಹೇಳಿದೆ. ಅವರು ಹೋಗಿ ಅವಳ ಪಕ್ಕ ತಾವೂ ಗೋಡೆಗೆ ಮುಖ ಮಾಡಿ ನಿಂತರು.

"ನನ್ನನ್ನೂ ಹೀಗೇ ನಿಲ್ಲಿಸ್ತಿದ್ರು," ಎಂದು ಅವಳಿಗೆ ಇಂಗ್ಲಿಷಿನಲ್ಲಿ ಹೇಳಿದರು. "ಚಿಕ್ಕವಳಿದ್ದಾಗ ಸರ್ಕಾರದವರು ಮನೆಯಿಂದ ಎಳ್ಕೊಂಡು ಹೋಗಿ ಇಂಗ್ಲಿಷ್ ಬೋರ್ಡಿಂಗ್ ಸ್ಕೂಲಿಗೆ ಹಾಕಿದ್ರು, ಅಲ್ಲಿ. ನಮ್ಮ ಭಾಷೆ ಆಡಿದ್ದಕ್ಕೆ. ಆಮೇಲೆ ಐವತ್ತು ವರ್ಷ ನಾನದನ್ನ ಆಡಲೇ ಇಲ್ಲ. ನಿಂಗೆ ಕಾಲು ನೋಯ್ತಿದೆಯಾ? 'ಸಿಟ್' ಅನ್ನೋಕೆ ನಿಮ್ಮಲ್ಲಿ ಏನಂತಾರೆ?"

"ಕೂತ್ಕೋ."

ಅಜ್ಜಿ ನನ್ನತ್ತ ತಿರುಗಿ, ಗಟ್ಟಿಯಾಗಿ, "ಕೂತ್ಕೋ!" ಎಂದರು.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಹುಡುಗಿ ಮಾತ್ರ ಗಾಬರಿಯಾಗಿ, "ನೋ, ನೋ! ಟೀಚರ್‌ಗೆ ಕೂತ್ಕೊಳ್ಳಿ ಅನ್ಬೇಕು!" ಎಂದಳು. ಆರು ತಿಂಗಳಲ್ಲಿ ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡ ವಾಕ್ಯ ಅದು.

ನಾನು ಕೂತೆ, ಮೊದಲು ಸಿಕ್ಕ ಪುಟ್ಟ ಕುರ್ಚಿಯಲ್ಲೇ.